ಅಂಗವೈಕಲ್ಯ: ಪದದ ಅರ್ಥ ಮತ್ತು ತಾಂಬಾ ಸೀಮೆಯ ಬಳಕೆ

ಅಂಗವೈಕಲ್ಯ ಎಂದರೆ ದೇಹದ ಒಂದು ಅಂಗವೋ ಇಂದ್ರಿಯವೋ ಇಲ್ಲದಿರುವುದು, ಕುಂದಿರುವುದು, ಇಲ್ಲವೆ ಎಲ್ಲರಿಗೆ ಆಗುವಂತೆ ಕೆಲಸಕ್ಕೆ ಒದಗದಿರುವುದು. ಅದರಿಂದಾಗಿ ನಡಿಗೆ, ನೋಟ, ಮಾತು, ದುಡಿಮೆಗಳಿಗೆ ಬೀಳುವ ಮಿತಿಗೂ ಇದೇ ಹೆಸರು. ಈ ಮಿತಿ ಇರುವವರನ್ನು ಇಪ್ಪತ್ತನೆಯ ಶತಮಾನದ ಬರೆವಣಿಗೆಯ ಕನ್ನಡ ಅಂಗವಿಕಲ ಎಂದು ಕರೆಯಿತು. ಈಗ ಸರ್ಕಾರಿ ಕಾಗದಗಳಲ್ಲಿ ವಿಕಲಚೇತನ, ಪತ್ರಿಕೆ ಮತ್ತು ವೇದಿಕೆಗಳಲ್ಲಿ ವಿಶೇಷಚೇತನ, ಕೇಂದ್ರದ ಯೋಜನೆಗಳ ಹೆಸರಿನಲ್ಲಿ ದಿವ್ಯಾಂಗ ಎಂಬ ಪದಗಳು ಓಡಾಡುತ್ತಿವೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ ಊರಿನಲ್ಲೂ ಅದರ ನೆರೆಯ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲೂ ಜನ ಮನೆಯಲ್ಲಿ, ಹೊಲದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಆಡುವ ಮಾತು ಇವೆಲ್ಲಕ್ಕಿಂತ ಹಳೆಯದು. ಕೆಲವು ಕಡೆ ಒರಟು, ಕೆಲವು ಕಡೆ ಇವಕ್ಕಿಂತ ಎಷ್ಟೋ ಮರ್ಯಾದೆಯದು.

ಪದದ ಬೇರು

ಸಂಸ್ಕೃತದಲ್ಲಿ ಕಲಾ ಎಂದರೆ ಒಂದು ಭಾಗ. ಚಂದ್ರನಿಗೆ ಹದಿನಾರು ಕಲೆ ಎನ್ನುವಾಗ ಇರುವುದು ಈ ಅರ್ಥವೇ. ಎಲ್ಲ ಭಾಗಗಳೂ ಕೂಡಿದ್ದು ಸಕಲ, ಭಾಗ ತಪ್ಪಿದ್ದು ವಿಕಲ, ವಿಕಲದ ಭಾವ ವೈಕಲ್ಯ. ಹೀಗೆ ಅಂಗವೈಕಲ್ಯ ಎಂಬ ಪದ ಒಂದು ಪೂರ್ಣ ದೇಹವನ್ನು ಮೊದಲೇ ಅಳತೆಗೋಲಾಗಿ ಇಟ್ಟುಕೊಂಡು, ಅದಕ್ಕೆ ಹೋಲಿಸಿ ಕೊರತೆಯನ್ನು ಹೇಳುತ್ತದೆ. ಅಂಗಹೀನ, ಅಂಗವಿಹೀನ, ಊನಾಂಗ ಎಂಬ ಹಳೆಯ ರೂಪಗಳಲ್ಲೂ ಇದೇ ಅಳತೆ. ಆದರೂ ಈ ಪದಕ್ಕೆ ಒಂದು ಗುಣವಿದೆ: ಅದು ಕೊರತೆಯನ್ನು ಅಂಗದ ಮೇಲೆ ಮಾತ್ರ ಹೊರಿಸುತ್ತದೆ, ಮನುಷ್ಯನ ಮೇಲಲ್ಲ.

ಪಾಣಿನಿಯ ವ್ಯಾಕರಣದಲ್ಲಿ ಅಂಗದ ಕೊರತೆಯನ್ನು ಹೇಳುವುದಕ್ಕೆ ಮೀಸಲಾದ ಒಂದು ಸೂತ್ರವೇ ಇದೆ. ಯಾವ ಅಂಗದ ವಿಕಾರದಿಂದ ಒಬ್ಬ ವ್ಯಕ್ತಿ ಗುರುತಾಗುತ್ತಾನೋ ಆ ಅಂಗಕ್ಕೆ ತೃತೀಯಾ ವಿಭಕ್ತಿ ಹತ್ತುತ್ತದೆ: ಕಣ್ಣಿನಿಂದ ಒಕ್ಕಣ್ಣ, ಕಾಲಿನಿಂದ ಕುಂಟ. ಅಂದರೆ ಅಂಗ ನೆಪವಾಗಿ, ಮನುಷ್ಯನೇ ಒಕ್ಕಣ್ಣನಾಗಿ ನಿಲ್ಲುತ್ತಾನೆ. ಕನ್ನಡದ ಆಡುಮಾತು ಇದರ ಎದುರು ದಿಕ್ಕಿಗೆ ನಡೆಯುತ್ತದೆ. 'ಅವರಿಗೆ ಕಣ್ಣು ಕಾಣೂದಿಲ್ಲ' ಎನ್ನುವಾಗ ಕಾಣದಿರುವುದು ಕಣ್ಣು. ಮನುಷ್ಯ ಚತುರ್ಥಿಯಲ್ಲಿ, ತುಸು ದೂರದಲ್ಲಿ, ಪೂರ್ಣವಾಗಿಯೇ ಉಳಿಯುತ್ತಾನೆ. ಈ ವಾಕ್ಯರಚನೆಯನ್ನು ಮುಂದೆ ಮತ್ತೆ ನೋಡಬೇಕಾಗುತ್ತದೆ, ಏಕೆಂದರೆ ಪದದ ಚರ್ಚೆಯಲ್ಲಿ ಹೆಚ್ಚಿನವರು ಕಾಣದೆ ಬಿಟ್ಟಿರುವುದು ಇದನ್ನೇ.

ತಾಂಬಾ ಸೀಮೆಯ ಆಡುಮಾತು

ಕನ್ನಡದ ಆಡುಪದಗಳು ಒಂದೊಂದು ಅಂಗಕ್ಕೆ ಒಂದೊಂದು. ಕುರುಡ, ಕುಂಟ, ಕಿವುಡ, ಮೂಗ, ಗೂನ, ಗಿಡ್ಡ, ಮೆಳ್ಳಗಣ್ಣ, ಇವೆಲ್ಲವನ್ನೂ ಒಟ್ಟುಗೂಡಿಸುವ ಅಚ್ಚಕನ್ನಡದ ಮಾತೊಂದು ರೂಢಿಯಲ್ಲಿ ಬೆಳೆಯಲಿಲ್ಲ. ಕಣ್ಣು ಕಾಣದವರ ಬದುಕು ಬೇರೆ, ಕಾಲು ಬಾರದವರ ಬದುಕು ಬೇರೆ. ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸುವ ಅಗತ್ಯ ಬಂದದ್ದು ಸರ್ಕಾರಕ್ಕೆ, ಊರಿಗಲ್ಲ. ಇಂಡಿ–ಸಿಂದಗಿ ಕಡೆ ಕುರುಡ ಎಂಬುದು ಕುಡ್ಡ, ಕುರುಡಿ ಎಂಬುದು ಕುಡ್ಡಿ, ಕಿವುಡ ಎಂಬುದು ಕಿವಡ ಎಂದಾಗುತ್ತದೆ. ಒಟ್ಟು ಹೆಸರು ಬೇಕಾದಾಗ ಐಬು ಎಂಬ ಮಾತಿದೆ. ಅರಬ್ಬೀ ಮೂಲದ ಈ ಪದ ಉರ್ದುವಿನ ಮೂಲಕ ಬಂದದ್ದು. ಮನುಷ್ಯರಿಗೂ ದನಕ್ಕೂ ವಸ್ತುವಿಗೂ ಒಂದೇ ಆಗಿ ನಡೆಯುತ್ತದೆ. ಪಾರ್ಶ್ವವಾಯುವಿಗೆ ಇಲ್ಲಿ ಯಾರೂ ಪಾರ್ಶ್ವವಾಯು ಎನ್ನುವುದಿಲ್ಲ, 'ಲಕ್ವಾ ಹೊಡದದ' ಎನ್ನುತ್ತಾರೆ. ಅದೂ ಅದೇ ದಾರಿಯಲ್ಲಿ ಬಂದ ಪದ. ಭೀಮಾ ನದಿ ದಾಟಿದರೆ ಸೊಲ್ಲಾಪುರ. 1956ರವರೆಗೆ ವಿಜಯಪುರ ಜಿಲ್ಲೆ ಮುಂಬಯಿ ಆಡಳಿತದಲ್ಲೇ ಇದ್ದುದರಿಂದ ಮರಾಠಿಯ ಅಪಂಗ ಎಂಬ ಪದವೂ ಗಡಿಯ ಜನರಿಗೆ ಪರಕೀಯವಲ್ಲ.

ರೋಗದ ಹೆಸರೇ ಗುರುತಾದದ್ದೂ ಉಂಟು. ಎಳವೆಯಲ್ಲಿ ಕಾಲು ಸೊರಗಿದವರಿಗೆ 'ಪೋಲಿಯೋ ಆಗ್ಯಾದ' ಎಂಬ ಮಾತು ಊರೂರಲ್ಲಿ ಬೇರೂರಿತು. ಭಾರತದಲ್ಲಿ ಕೊನೆಯ ವನ್ಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ದೇಶ ಪೋಲಿಯೋ ಮುಕ್ತವೆಂದು ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ರಂದು. ಆದರೂ ಮಾತು ಉಳಿದಿದೆ. ಬೇರೆ ಕಾರಣಕ್ಕೆ ಕಾಲು ದುರ್ಬಲವಾದವರಿಗೂ ಅದನ್ನೇ ಹಚ್ಚುವುದುಂಟು.

ಈ ಪದಗಳು ಬಳಕೆಯಾಗುವ ಬಗೆಯಲ್ಲಿ ಒಂದು ನಿಯಮ ಇದೆ. ಯಾರೂ ಬರೆದಿಡದಿದ್ದರೂ ಎಲ್ಲರೂ ಬಲ್ಲ ನಿಯಮ. ಒಂದೇ ಊರಿನಲ್ಲಿ ಮಲ್ಲಪ್ಪ, ಸಿದ್ದಪ್ಪ, ಬಸಪ್ಪ ಎಂಬ ಹೆಸರಿನವರು ಹಲವರು ಇರುವುದರಿಂದ, ಯಾವ ಸಿದ್ದಪ್ಪ ಎಂದು ಕೇಳಿದಾಗ 'ಗಿಡ್ಡ ಸಿದ್ದಪ್ಪ', 'ಕುಂಟ ಸಿದ್ದಪ್ಪ' ಎಂಬ ಅಡ್ಡಹೆಸರು ಹೊರಬರುತ್ತದೆ. ಅದು ಮರೆಯ ಮಾತು. ಎದುರಿಗೆ ಬಂದಾಗ ಅದೇ ಮನುಷ್ಯ ಅಣ್ಣ, ಕಾಕಾ, ಮಾಮಾ. ಎದುರಿಗೇ 'ಏ ಕುಂಟ' ಎಂದರೆ ಅದು ಬೈಗುಳ, ಜಗಳಕ್ಕೆ ಕರೆ. ಮರೆಯ ಮಾತು ಗುರುತಿಗಾಗಿ ಮಾತ್ರ ಎಂದು ಹೇಳಿ ಅದನ್ನು ಸಮರ್ಥಿಸುವವರಿದ್ದಾರೆ. ಆ ಸಮರ್ಥನೆ ಪೂರ್ತಿ ನಿಲ್ಲುವುದಿಲ್ಲ: ಮಕ್ಕಳು ಮರೆಯ ಮಾತನ್ನೇ ಮೊದಲು ಕಲಿಯುತ್ತವೆ, ಶಾಲೆಯ ಅಂಗಳದಲ್ಲಿ ಎದುರಿಗೇ ಆಡುತ್ತವೆ, ಮತ್ತು ಹಾಗೆ ಕರೆಸಿಕೊಂಡ ಮಗು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಬಳಕೆ ಇದೆ. 'ನಮ್ಮ ಆಯಿಗೆ ಕಣ್ಣು ಮಂಜ ಆಗ್ಯಾವ', 'ಅವರಿಗೆ ಕಿವಿ ಮಂದ ಅದಾವ', 'ಎಡಗೈ ಸ್ವಾಧೀನ ಇಲ್ಲ', 'ಮಾತ ಬರೂದಿಲ್ಲ, ಎಲ್ಲಾ ತಿಳೀತದ'. ಮನೆಯವರ ಬಗ್ಗೆ, ಗೌರವದವರ ಬಗ್ಗೆ, ಕನ್ಯೆ–ವರ ನೋಡುವಾಗ, ದವಾಖಾನೆಯಲ್ಲಿ ಜನ ತಾವಾಗಿ ಆರಿಸಿಕೊಳ್ಳುವುದು ಈ ಕ್ರಿಯಾರೂಪವನ್ನು. ಇಲ್ಲಿ ಹೆಸರಿಡುವುದಿಲ್ಲ, ಸ್ಥಿತಿಯನ್ನು ಹೇಳುತ್ತಾರೆ. ಎಷ್ಟು ಆಗುತ್ತದೆ ಎಷ್ಟು ಆಗುವುದಿಲ್ಲ ಎಂಬುದೂ ಅದರಲ್ಲೇ ತಿಳಿಯುತ್ತದೆ. ಕೊನೆಯ ವಾಕ್ಯದಲ್ಲಿ ಬರುವ 'ಎಲ್ಲಾ ತಿಳೀತದ' ಎಂಬ ಮಾತು ಮೂಗ ಎಂಬ ಒಂದು ಪದಕ್ಕೆ ಎಂದಿಗೂ ಸಿಗದ ನ್ಯಾಯ.

ದೇಹದಿಂದಾಚೆಗೆ ಹರಿದ ಅರ್ಥ

ಅಂಗದ ಪದಗಳು ಬೇರೆ ವಿಷಯಗಳಿಗೂ ಹಬ್ಬಿವೆ. ಬಲವಿಲ್ಲದ ಸಬೂಬು ಕುಂಟು ನೆಪ, ವಿಚಾರವಿಲ್ಲದ ಶ್ರದ್ಧೆ ಕುರುಡು ನಂಬಿಕೆ, ನಿಧಾನವಾದ ರಸ್ತೆ ಕಾಮಗಾರಿ ಕುಂಟುತ್ತ ಸಾಗುತ್ತದೆ. ಹಣದ ಅಟ್ಟಹಾಸವನ್ನು ಕುರಿತ ಬೇಂದ್ರೆಯವರ ಪ್ರಸಿದ್ಧ ಕವಿತೆಯ ಹೆಸರೇ 'ಕುರುಡು ಕಾಂಚಾಣ'. ಕೈಲಾಗದವ ಎಂಬುದು ಕೈಯ ಮಾತಾಗಿ ಉಳಿಯದೆ ಹೇಡಿ, ಅಸಮರ್ಥ ಎಂಬ ಅರ್ಥಕ್ಕೆ ನಿಂತಿದೆ. ಗಾದೆಗಳಂತೂ ಕಠೋರ: ಕುಂಟನಿಗೆ ಎಂಟು ಚೇಷ್ಟೆ ಎಂಬುದು ಕಾಲು ಬಾರದವರ ನಡತೆಯ ಮೇಲೇ ಅಪವಾದ ಹೊರಿಸುತ್ತದೆ. ಮಕ್ಕಳ ಕುಂಟಾಬಿಲ್ಲೆ ಮಾತ್ರ ನಿರಪಾಯ. ಅಲ್ಲಿ ಕುಂಟುವುದು ಒಂದು ಜಾಣತನ. ಇಂಥ ರೂಪಕಗಳನ್ನೆಲ್ಲ ಭಾಷೆಯಿಂದ ಕಿತ್ತುಹಾಕುವುದು ಆಗದ ಕೆಲಸ. ಆದರೆ ಕೊರತೆ, ಮೂರ್ಖತನ, ಮೋಸಗಳಿಗೆ ಮಾತ್ರ ಈ ಪದಗಳು ರೂಪಕವಾಗುತ್ತ ಹೋದಾಗ, ಆ ದೇಹದಲ್ಲಿ ಬದುಕುವವರ ಮೇಲೆ ಅದರ ನೆರಳು ಬೀಳುತ್ತದೆ ಎಂಬುದನ್ನು ಬರೆಯುವವರು ನೆನಪಿಡಬೇಕು.

ಬಸವಣ್ಣ, ವಿಜ್ಞಾನೇಶ್ವರ, ಹೆಳವರು

ಈ ಸೀಮೆಯ ಚರಿತ್ರೆಯಲ್ಲೇ ಪದಗಳ ಮೂರು ಬೇರೆ ಬೇರೆ ಬಾಳುವೆಗಳು ಸಿಗುತ್ತವೆ.

ತಾಂಬಾದಿಂದ ದಕ್ಷಿಣಕ್ಕಿರುವ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು ಎಂಬುದು ಪರಂಪರೆ. ಹನ್ನೆರಡನೆಯ ಶತಮಾನದ ಆ ವಚನಕಾರರ ಹೆಸರಾಂತ ಪ್ರಾರ್ಥನೆಯೊಂದರಲ್ಲಿ, ಅತ್ತಿತ್ತ ಅಲೆಯದ ಹಾಗೆ, ಕಂಡದ್ದನ್ನೆಲ್ಲ ನೋಡದ ಹಾಗೆ, ಬೇಡದ್ದನ್ನು ಕೇಳದ ಹಾಗೆ ತನ್ನನ್ನು ಹೆಳವನಾಗಿ, ಅಂಧಕನಾಗಿ, ಕಿವುಡನಾಗಿ ಮಾಡೆಂದು ಕೂಡಲಸಂಗಮದೇವನನ್ನು ಬೇಡಿಕೊಳ್ಳುತ್ತಾರೆ. ಆ ವಚನ ಅಂಗವೈಕಲ್ಯವನ್ನು ಕುರಿತದ್ದಲ್ಲ, ಇಂದ್ರಿಯನಿಗ್ರಹವನ್ನು ಕುರಿತದ್ದು. ಆದರೂ ಊರ ಬಾಯಲ್ಲಿ ಬೈಗುಳವಾಗಬಹುದಾದ ಪದಗಳನ್ನು ತನಗೇ ಬೇಡಿಕೊಂಡು ಭಕ್ತಿಯ ಮಾತಾಗಿಸಿದ್ದು ಕನ್ನಡದಲ್ಲಿ ಈ ಪದಗಳಿಗೆ ಸಿಕ್ಕ ಅತಿ ಎತ್ತರದ ಸ್ಥಾನ.

ಇದಕ್ಕೆ ಒಂದೆರಡು ತಲೆಮಾರು ಮೊದಲು, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಹೇಳಲಾಗುತ್ತದೆ. ಅಲ್ಲಿ ಕುರುಡು, ಕುಂಟುತನ, ಉನ್ಮಾದ ಮೊದಲಾದವು ಆಸ್ತಿಯ ಪಾಲನ್ನು ತಪ್ಪಿಸುವ ಕಾರಣಗಳು. ಪಾಲಿಲ್ಲದಿದ್ದರೂ ಅಂಥವರಿಗೆ ಅನ್ನ–ಬಟ್ಟೆ ಕೊಟ್ಟು ಸಾಕಲೇಬೇಕು, ಅವರ ಮಕ್ಕಳಿಗೆ ದೋಷವಿಲ್ಲದಿದ್ದರೆ ಪಾಲು ಸಲ್ಲಬೇಕು ಎಂಬುದೂ ಅಲ್ಲೇ ಇದೆ. ಬಂಗಾಳ ಮೊದಲಾದ ಕೆಲವು ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಂಚಿಕೆ ನಡೆದದ್ದು ಮಿತಾಕ್ಷರಾದ ಮೇಲೆ. ಹಾಗಾಗಿ ಒಬ್ಬರನ್ನು ಯಾವ ಪದದಿಂದ ಕರೆಯುತ್ತಾರೆ ಎಂಬುದು ಹೊಲದ ಹಕ್ಕನ್ನು ತೀರ್ಮಾನಿಸುವ ಸಂಗತಿಯಾಗಿತ್ತು. 1928ರ ಹಿಂದೂ ದಾಯ ಅನರ್ಹತೆ ನಿವಾರಣಾ ಕಾಯ್ದೆ ಈ ಬಹಿಷ್ಕಾರದ ಬಹುಪಾಲನ್ನು ತೆಗೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮು ರೋಗ, ನ್ಯೂನತೆ, ಅಂಗವಿಕಾರಗಳು ಆಸ್ತಿಹಕ್ಕಿಗೆ ಅಡ್ಡಿಯಲ್ಲವೆಂದು ಪೂರ್ತಿ ಇತ್ಯರ್ಥ ಮಾಡಿತು. ಕಾಗದದ ಮೇಲೆ ತೀರಿದ ಈ ವಿಷಯ ಮನೆ ಪಾಲಾಗುವಾಗ 'ಅವನಿಗೆ ಹೊಲ ಯಾಕ, ನಾವು ನೋಡ್ಕೋತೀವಲ್ಲ' ಎಂಬ ಮಾತಾಗಿ ತಲೆಯೆತ್ತಿದರೆ, ಅದು ಮಿತಾಕ್ಷರಾದ ಕಾಲದ ನ್ಯಾಯವೇ ಹೊರತು ಇಂದಿನ ಕಾಯ್ದೆಯದಲ್ಲ.

ಮೂರನೆಯದು ಹೆಳವ ಎಂಬ ಪದ. ಹಳಗನ್ನಡದ ಪೆಳವವೇ ಹೆಳವ, ಅಂದರೆ ಕಾಲು ಬಾರದವ. ಉತ್ತರ ಕರ್ನಾಟಕದಲ್ಲಿ ಇಂದು ಈ ಪದ ಕೇಳಿದರೆ ಮೊದಲು ನೆನಪಾಗುವುದು ಹೆಳವ ಸಮುದಾಯ. ಎತ್ತಿನೊಂದಿಗೆ ಊರೂರು ತಿರುಗಿ, ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳ ತನಕ ಹೇಳಿ, ಕಾಳು–ಬಟ್ಟೆ–ದನಗಳನ್ನು ಕಾಣಿಕೆಯಾಗಿ ಪಡೆಯುವವರು ಅವರು. ತಮ್ಮ ಮೂಲಪುರುಷನಿಗೆ ಕಾಲು ಬರುತ್ತಿರಲಿಲ್ಲ, ಏರಿ ತಿರುಗಲು ಅವನಿಗೆ ಎತ್ತು ಸಿಕ್ಕಿತು ಎಂಬುದು ಅವರ ಐತಿಹ್ಯ. ಮನೆತನಗಳ ಮೂಲ, ವಲಸೆ, ಹಿರಿಯರ ಹೆಸರು ಬಲ್ಲವರೆಂದು ರೈತರು ಅವರನ್ನು ಕರೆದು ಕೂರಿಸಿ ಕೇಳುತ್ತಾರೆ. ಅವರ ಹೊತ್ತಗೆಗಳು ಈಗ ಸಂಶೋಧಕರಿಗೂ ಆಕರ. ಅಂಗದ ಕೊರತೆಯ ಹೆಸರೊಂದು ಜ್ಞಾಪಕಶಕ್ತಿಯ ಕಸುಬಿಗೆ ಹೆಸರಾಗಿ ನಿಂತ ಇಂಥ ಉದಾಹರಣೆ ಅಪರೂಪ.

ಗವಾಯಿ ಎಂಬ ಮರ್ಯಾದೆ

ಕಣ್ಣು ಕಾಣದವರನ್ನು ಕರೆಯುವ ಬಗೆ ಈ ಭಾಗದಲ್ಲಿ ಬದಲಾದದ್ದರ ಹಿಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಾಲು ದೊಡ್ಡದು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಿನಿಂದ ಕಣ್ಣು ಕಾಣದವರು. ಹಿಂದುಸ್ತಾನಿ ಮತ್ತು ಕರ್ನಾಟಕ ಎರಡೂ ಪದ್ಧತಿಯ ಸಂಗೀತ ಕಲಿತು ಅಂಧರಿಗೂ ಅನಾಥರಿಗೂ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು, ನಾಟಕ ಕಂಪನಿ ನಡೆಸಿದರು, 2010ರಲ್ಲಿ ಪದ್ಮಭೂಷಣ ಪಡೆದರು. ಅಲ್ಲಿ ಕಲಿತವರು ಉತ್ತರ ಕರ್ನಾಟಕದ ಜಾತ್ರೆ, ಮಠ, ಪುರಾಣ ಪ್ರವಚನಗಳಲ್ಲಿ ಹಾಡುತ್ತ ಹೋದಂತೆ, ಹಾರ್ಮೋನಿಯಂ ಮುಂದೆ ಕುಳಿತ ಕಣ್ಣು ಕಾಣದ ವ್ಯಕ್ತಿಗೆ ಗವಾಯಿಗಳು ಎಂಬ ಬಹುವಚನದ ಕರೆ ಸಹಜವಾಯಿತು. ಇದು ಯಾವ ಸರ್ಕಾರಿ ಆದೇಶದಿಂದಲೂ ಬಂದದ್ದಲ್ಲ. ವಿದ್ಯೆ ಮೊದಲು ಬಂತು, ಕರೆ ಆಮೇಲೆ ಬದಲಾಯಿತು. ವಿದ್ಯೆಯ ಈ ದಾರಿ ಬೇರೆಡೆಯೂ ಇತ್ತು: ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಆರಂಭವಾಗಿತ್ತು. ಬೆಳಗಾವಿ ಸೀಮೆಯಿಂದ ಹೋಗಿ 1997ರಲ್ಲಿ ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆ ಕಟ್ಟಿದ ಮಹಾಂತೇಶ ಕಿವಡಸಣ್ಣವರ ಅವರೂ ಕಣ್ಣು ಕಾಣದವರೇ.

ಕಾಯ್ದೆ ಮತ್ತು ಕಚೇರಿಯ ಪದ

ಎಣಿಕೆಗೆ ಒಟ್ಟು ಹೆಸರು ಬೇಕಾಯಿತು ಎಂದೆವಷ್ಟೆ. 1881ರ ಜನಗಣತಿ ಬುದ್ಧಿಭ್ರಮಣೆ, ಕಿವುಡು–ಮೂಗುತನ, ಕುರುಡು, ಕುಷ್ಠ ಎಂಬ ನಾಲ್ಕನ್ನು ಎಣಿಸಿತು. ಕಾಲು ಬಾರದವರು ಆ ಲೆಕ್ಕದಲ್ಲೇ ಇರಲಿಲ್ಲ. 1931ರವರೆಗೆ ನಡೆದು ನಿಂತ ಈ ಎಣಿಕೆ 1981ರಲ್ಲಿ ಒಮ್ಮೆ ಬಂದು, 1991ರಲ್ಲಿ ತಪ್ಪಿ, 2001ರಿಂದ ಮರಳಿತು. 2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಜನ ಅಂಗವೈಕಲ್ಯ ಉಳ್ಳವರು.

ಅಂಗವಿಕಲರ ಕುರಿತ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೇಳಿತ್ತು. ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿದ ಮೇಲೆ ಬಂದ 2016ರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಯಾಗಿ ಅವನ್ನು ಇಪ್ಪತ್ತೊಂದಕ್ಕೆ ಏರಿಸಿತು. ಕುಡಗೋಲು ಕಣ ರೋಗ, ಥಲಸ್ಸೇಮಿಯಾ, ಆಮ್ಲ ದಾಳಿಗೆ ಒಳಗಾದವರು, ಪಾರ್ಕಿನ್‌ಸನ್ ರೋಗ ಎಲ್ಲವೂ ಈಗ ಅದರೊಳಗೆ. ಅಂಗವೈಕಲ್ಯ ಎಂಬ ಪದದ ಅರ್ಥ ಹೀಗೆ ಕಣ್ಣಿಗೆ ಕಾಣುವ ಅಂಗದಿಂದ ರಕ್ತ, ನರ, ಮನಸ್ಸಿನವರೆಗೆ ಹಿಗ್ಗಿದೆ. ಊರಲ್ಲಿ ಗಿಡ್ಡ ಎನ್ನಿಸಿಕೊಳ್ಳುವವರು ಪ್ರಾಯಕ್ಕೆ ಬಂದ ಮೇಲೆ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರವಿದ್ದು, ಅದಕ್ಕೆ ವೈದ್ಯಕೀಯ ಅಥವಾ ಆನುವಂಶಿಕ ಕಾರಣವಿದ್ದರೆ ಕಾಯ್ದೆಯ ಕುಬ್ಜತೆಯ ವ್ಯಾಖ್ಯೆಗೆ ಸೇರುತ್ತಾರೆ. ಸರ್ಕಾರಿ ಹುದ್ದೆಗಳಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲು ಸಿಗುವುದು ವೈಕಲ್ಯ ಶೇ 40 ಅಥವಾ ಅದಕ್ಕೂ ಹೆಚ್ಚೆಂದು ಪ್ರಮಾಣಿತವಾದವರಿಗೆ.

ಈ ಶೇಕಡಾ ಲೆಕ್ಕವೇ ಹಳ್ಳಿಯ ಮಾತನ್ನು ಬದಲಿಸಿದ್ದು. ಈಗ ಕೇಳುವ ಪ್ರಶ್ನೆ 'ಏನಾಗ್ಯಾದ?' ಎಂದಲ್ಲ, 'ಎಷ್ಟ್ ಪರ್ಸೆಂಟ್ ಅದ?' ಎಂದು. ಮಾಸಾಶನವನ್ನು ಜನ ಪಗಾರ ಎನ್ನುತ್ತಾರೆ; 'ಅಂಗವಿಕಲ ಪಗಾರ' ಬಂತೇ ಎಂಬುದು ಪೋಸ್ಟಿನ ಮುಂದೆ ಕೇಳುವ ಮಾತು. ವೈದ್ಯಕೀಯ ಸರ್ಟಿಫಿಕೇಟು, ಯುಡಿಐಡಿ ಎಂಬ ಗುರುತಿನ ಕಾರ್ಡು, ವಾಸಸ್ಥಳದಿಂದ 100 ಕಿಲೋಮೀಟರ್ ಒಳಗಿನ ರಿಯಾಯಿತಿ ಬಸ್ ಪಾಸು, ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತ್ರಿಚಕ್ರ ವಾಹನ: ಇವುಗಳ ಸುತ್ತ ಬೆಳೆದ ಪದಕೋಶ ಒಂದು ತಲೆಮಾರಿನಲ್ಲಿ ಕುಂಟ–ಕುಡ್ಡ ಪದಗಳನ್ನು ಹಿಂದೆ ಸರಿಸಿದೆ. ಅಂಗವಿಕಲ ಎಂದು ಹೇಳಿಕೊಳ್ಳುವುದರಲ್ಲಿ ಇಲ್ಲಿ ನಾಚಿಕೆಗಿಂತ ಹಕ್ಕಿನ ದನಿ ಹೆಚ್ಚು. ಹ್ಯಾಂಡಿಕ್ಯಾಪ್ ಎಂಬ ಇಂಗ್ಲಿಷ್ ಪದ ಇಂಗ್ಲಿಷಿನಲ್ಲೇ ಹಿಂದಾದರೂ ಇಲ್ಲಿ ಇನ್ನೂ ನಡೆಯುತ್ತಿದೆ, ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ.

ಹೊಸ ಹೆಸರುಗಳ ವಾದ

ಕರ್ನಾಟಕದಲ್ಲಿ ಅಂಗವಿಕಲರ ಕಲ್ಯಾಣ ಇಲಾಖೆಯಾಗಿದ್ದದ್ದು ಈಗ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಹೆಸರು ಬದಲಿಸಿದವರ ಉದ್ದೇಶ ಒಳ್ಳೆಯದೇ. ಆಯ್ದ ಪದ ಒಳ್ಳೆಯದಲ್ಲ. ಚೇತನ ಎಂದರೆ ಅರಿವು, ಜೀವ. ಅಂಗಕ್ಕಿದ್ದ ವಿಕಲ ಎಂಬ ವಿಶೇಷಣವನ್ನು ತೆಗೆದು ಚೇತನಕ್ಕೆ ಹಚ್ಚಿದರೆ ಕೊರತೆ ಕಾಲಿನಿಂದ ಆತ್ಮಕ್ಕೆ ಏರುತ್ತದೆ. ವಿಶೇಷಚೇತನ ಆ ದೋಷದಿಂದ ಪಾರಾದರೂ ಎಲ್ಲರಂತೆ ಬಾಳಬಯಸುವವರನ್ನು ಬೇರೆಯೇ ಪೀಠದಲ್ಲಿ ಕೂರಿಸುತ್ತದೆ. 2015ರ ಡಿಸೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಆಕಾಶವಾಣಿಯ 'ಮನ್ ಕೀ ಬಾತ್'ನಲ್ಲಿ ಸೂಚಿಸಿದ ದಿವ್ಯಾಂಗ ಪದಕ್ಕೆ ಹಕ್ಕುಗಳ ಸಂಘಟನೆಗಳಿಂದ ಆಗಲೇ ವಿರೋಧ ಬಂತು. ಒಡಂಬಡಿಕೆಯ ಜಾರಿಯನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಸಮಿತಿ 2019ರಲ್ಲಿ ಅದನ್ನು ವಿವಾದಾಸ್ಪದವೆಂದು ಗುರುತಿಸಿತು. ತಮಿಳಿನ ಮಾಟ್ರುತ್ತಿರನಾಳಿ, ಮಲಯಾಳದ ಭಿನ್ನಶೇಷಿ ಪದಗಳು ಶಕ್ತಿ ಬೇರೆ ಬಗೆಯದು ಎಂಬ ದಾರಿ ಹಿಡಿದವು. ಇವೆಲ್ಲವೂ ಹೆಸರಿನ ಹುಡುಕಾಟಗಳು. ಬಸ್ಸಿನ ಮೆಟ್ಟಿಲು ಎತ್ತರವಾಗಿಯೇ ಇದ್ದು ಸೀಟಿನ ಮೇಲಿನ ಬರಹ ಮಾತ್ರ ಬದಲಾದರೆ, ಹತ್ತಲಾರದವರಿಗೆ ಎರಡೂ ಬರಹಗಳು ಒಂದೇ.

1970ರ ದಶಕದ ಬ್ರಿಟನ್ನಿನಲ್ಲಿ ಅಂಗವಿಕಲರ ಚಳವಳಿ ಹೇಳಿದ್ದು ಇದನ್ನೇ: ಅಂಗದ ಊನ ಒಂದು, ಸಮಾಜ ಒಡ್ಡುವ ಅಡ್ಡಿ ಇನ್ನೊಂದು, ಮನುಷ್ಯನನ್ನು ಕೈಲಾಗದಂತೆ ಮಾಡುವುದು ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆಯ 2001ರ ವರ್ಗೀಕರಣವೂ ದೇಹದ ಸ್ಥಿತಿ ಮತ್ತು ಪರಿಸರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅಂಗವೈಕಲ್ಯ ಎಂಬ ಕನ್ನಡ ಪದಕ್ಕೆ ಈ ಎರಡನೆಯ ಅರ್ಥ ಇನ್ನೂ ಸರಿಯಾಗಿ ಕೂಡಿಬಂದಿಲ್ಲ.

ಸಾರ್ವಜನಿಕವಾಗಿ ಅಂಗವಿಕಲ ವ್ಯಕ್ತಿಯನ್ನು ಬೇಕೆಂದೇ ಅವಮಾನಿಸುವುದು 2016ರ ಕಾಯ್ದೆಯ 92ನೆಯ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ. 2024ರ ಜುಲೈ 8ರಂದು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮತ್ತು ದೃಶ್ಯಮಾಧ್ಯಮಗಳು ಹೀಗಳೆಯುವ ಪದ, ಗೇಲಿಯ ಚಿತ್ರಣಗಳನ್ನು ಬಿಡಬೇಕೆಂದು ಮಾರ್ಗದರ್ಶನ ನೀಡಿತು. ಕನ್ನಡದ ಹಾಸ್ಯ ಕಾರ್ಯಕ್ರಮಗಳಿಗೂ ಜಾತ್ರೆಯ ನಾಟಕಗಳಿಗೂ ಈ ಮಾತು ಸಲ್ಲಬೇಕು. ತೊದಲುವ, ಕುಂಟುವ ಪಾತ್ರ ತಂದು ನಗಿಸುವ ರೂಢಿ ಅಲ್ಲಿ ಇನ್ನೂ ಹೋಗಿಲ್ಲ.

ಬರೆವಣಿಗೆಯ ಕನ್ನಡಕ್ಕೆ ಸ್ಥಿತಿಯನ್ನು ಹೇಳುವಾಗ ಅಂಗವೈಕಲ್ಯ ಎಂಬ ಪದವೇ ಸಾಕು. ಅದು ಖಚಿತ, ಕಾಯ್ದೆಗೂ ಒಗ್ಗುತ್ತದೆ. ವ್ಯಕ್ತಿಯನ್ನು ಹೇಳುವಾಗ ಮೊದಲು ಹೆಸರು, ಕಸುಬು ಬರಲಿ. ಅಗತ್ಯ ಬಿದ್ದರೆ ಮಾತ್ರ ಕಣ್ಣು ಕಾಣದ, ಕಿವಿ ಕೇಳದ, ಗಾಲಿಕುರ್ಚಿ ಬಳಸುವ ಎಂಬ ವಿವರ ಸೇರಲಿ. ತಮ್ಮನ್ನು ಹೇಗೆ ಕರೆಯಬೇಕೆಂದು ಆ ವ್ಯಕ್ತಿ ಹೇಳಿದ್ದರೆ ಆ ಮಾತೇ ಕೊನೆಯದು. ತಾಂಬಾ ಸೀಮೆಯ ಮನೆಮಾತು 'ಕಣ್ಣು ಕಾಣೂದಿಲ್ಲ' ಎನ್ನುವಾಗ ಈ ಮರ್ಯಾದೆಯ ಬಹುಪಾಲನ್ನು ಈಗಾಗಲೇ ಪಾಲಿಸುತ್ತಿದೆ; ಪತ್ರಿಕೆ, ಪಠ್ಯಪುಸ್ತಕ ಮತ್ತು ಕಚೇರಿಗಳು ಅದನ್ನೇ ಮಾದರಿಯಾಗಿ ತೆಗೆದುಕೊಳ್ಳಬೇಕು.